ಅಜ್ಜಿಯ ಗಾಂಧಾರ

ಈಗಿನ ಮಕ್ಕಳು ಅಂಗೈಯಲ್ಲಿ ಹಿಡಿದ ಫೋನಿನಲ್ಲೇ ವೀಣೆ, ಪಿಟೀಲು, ಮೃದಂಗ ಎಲ್ಲವನ್ನೂ ನುಡಿಸುತ್ತಾರೆ. ಅದನ್ನು ಕಂಡಾಗಲೆಲ್ಲ ನಮ್ಮ ಮನೆಯ ಮೂವರು ಒಡಹುಟ್ಟಿದವರಿಗೆ ಪಲ್ಲಡಂನ ನಡುಮನೆ ನೆನಪಾಗುತ್ತದೆ. ಜೊತೆಗೆ ಅಲ್ಲಿ ಕುಯ್ ಕುಯ್ ಎನ್ನುತ್ತಿದ್ದ ಒಂದು ಕರಿಯ ಪೆಟ್ಟಿಗೆಯೂ, ನಾವು ಮಾಡಿದ ಒಂದು ತಪ್ಪೂ ನೆನಪಾಗುತ್ತವೆ.

ನಮ್ಮ ತಂದೆಯವರು ಹಾಸನದ ಕಡೆಯಿಂದ ನೂಲಿನ ವ್ಯಾಪಾರಕ್ಕೆಂದು ಬಂದು ಪಲ್ಲಡಂನಲ್ಲಿ ನೆಲೆಸಿದ್ದರು. ಅದು ಆಗ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 2009ರಲ್ಲಿ ಹೊಸ ಜಿಲ್ಲೆಯಾದಾಗ ತಿರುಪ್ಪೂರಿಗೆ ಸೇರಿತು. ಬೀದಿಯಲ್ಲಿ ತಮಿಳು, ಹೊಸಿಲು ದಾಟಿದರೆ ಕನ್ನಡ. ಹಗಲಿರುಳೂ ಪಕ್ಕದ ಪವರ್‌ಲೂಮ್‌ಗಳ ಟಕಟಕ ಸದ್ದು. ಆ ಸದ್ದಿನ ನಡುವೆಯೇ ನಮ್ಮ ಅಜ್ಜಿ ಸಂಜೆ ಶ್ರುತಿ ಪೆಟ್ಟಿಗೆಯ ತಿದಿ ಎಳೆದು ಹಾಡಲು ಕೂರುತ್ತಿದ್ದರು. ಅವರ ತಾಯಿಯಿಂದ ಬಂದ ಒಂದು ಜೋಗುಳವಿತ್ತು, ಮೋಹನ ರಾಗದ್ದು. ನಾವು ಮೂವರೂ ಅದನ್ನು ಕೇಳಿಯೇ ಮಲಗಿದವರು. ಅದನ್ನು ತಂದೆಯವರು ಒಮ್ಮೆ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು.

1986ರಲ್ಲಿ ಸೋದರಮಾವ ಲಂಡನ್ನಿನಿಂದ ಬರುವಾಗ ಸಿಂಕ್ಲೇರ್ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಕಂಪ್ಯೂಟರನ್ನು ತಂದರು. ಬ್ರಿಟನ್ನಿನಲ್ಲಿ ಅದು 1982ರಲ್ಲಿ ಹೊರಬಂದದ್ದು. ರಬ್ಬರಿನ ಕೀಲಿಗಳು, 48 ಕಿಲೋಬೈಟ್ ನೆನಪಿನ ಶಕ್ತಿ, ಪರದೆಯಾಗಿ ಮನೆಯ ಟಿವಿ. ಟಿವಿಯಲ್ಲಿ ಅಕ್ಷರ ಮೂಡಿಸಲು ಮೆಕ್ಯಾನಿಕ್‌ಗೆ ಎರಡು ದಿನ ಹಿಡಿಯಿತು. ಅದೇ ವರ್ಷ ಇಳಯರಾಜಾ ಅವರ 'ಪುನ್ನಗೈ ಮನ್ನನ್' ಚಿತ್ರದ ಕಂಪ್ಯೂಟರ್ ಸಂಗೀತ ಎಲ್ಲರ ಬಾಯಲ್ಲಿತ್ತು. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ಸಿಂಥೆಸೈಸರ್‌ನಂಥವು ನಮ್ಮ ಕೈಗೆಟುಕುವ ಮಾತಾಗಿರಲಿಲ್ಲ. ಆದರೆ ನಮ್ಮ ಪೆಟ್ಟಿಗೆಗೆ 'ಬೀಪ್' ಎಂಬ ಒಂದು ಆಜ್ಞೆ ಗೊತ್ತಿತ್ತು. ನಮಗೆ ಅದೇ ಸಾಕಾಯಿತು.

ಬೀಪ್‌ನ ಮುಂದೆ ಎರಡು ಅಂಕಿ ಕೊಡಬೇಕು: ಸ್ವರ ಎಷ್ಟು ಸೆಕೆಂಡು ನಿಲ್ಲಬೇಕು, ಎಷ್ಟು ಎತ್ತರದಲ್ಲಿರಬೇಕು. ಷಡ್ಜಕ್ಕೆ ಸೊನ್ನೆ ಎಂದಿಟ್ಟುಕೊಂಡರೆ ಮೇಲಿನ ಷಡ್ಜ 12. ಮೋಹನಕ್ಕೆ 0, 2, 4, 7, 9, 12. ಅಜ್ಜಿಯ ಶ್ರುತಿಗೆ ಹೊಂದಿಸಲು ಎಲ್ಲಕ್ಕೂ ಒಂದೇ ಅಂಕಿಯನ್ನು ಕೂಡಿಸಿದರಾಯಿತು. ಒಂದು ಸಲಕ್ಕೆ ಒಂದೇ ಸ್ವರ. ಸ್ವರ ನುಡಿಯುವಷ್ಟು ಹೊತ್ತು ಯಂತ್ರ ಬೇರೇನೂ ಮಾಡದು. ಹಾಗಾಗಿ ಶ್ರುತಿಗೆ ಅಜ್ಜಿಯ ಪೆಟ್ಟಿಗೆಯೇ ಗತಿ. ಎರಡು ಪೆಟ್ಟಿಗೆಗಳನ್ನು ಪಕ್ಕದಲ್ಲಿಟ್ಟು ನಾವು ಜೋಗುಳವನ್ನು ಅಂಕಿಗಳಾಗಿ ನೋಟುಪುಸ್ತಕದಲ್ಲಿ ಬರೆಯತೊಡಗಿದೆವು.

ಮೊದಲ ಸಾಲು ನುಡಿಸಿದಾಗ ಅಜ್ಜಿ ಮುಖ ಹಿಂಡಿದರು.

"ಗಾಂಧಾರ ಮೇಲೆ ಹೋಯ್ತಲ್ರೋ. ನಿಮ್ಮ ಪೆಟ್ಟಿಗೆಗೆ ಕಿವಿ ಇಲ್ಲ."

"ಅಜ್ಜಿ, ಅದು 4. ಪುಸ್ತಕದ ಲೆಕ್ಕದಲ್ಲಿ ಅಷ್ಟೇ."

"ಪುಸ್ತಕಕ್ಕೇನು ಗೊತ್ತು? ಇಳಿಸಿ."

ಆದರೆ ಪುಸ್ತಕಕ್ಕೂ ಗೊತ್ತಿತ್ತು! ಕಂಪ್ಯೂಟರಿನ ಜೊತೆ ಬಂದ ಕೈಪಿಡಿಯಲ್ಲಿ, ಭಾರತೀಯ ಸಂಗೀತದಲ್ಲಿ ಅರ್ಧ ಸ್ವರಕ್ಕಿಂತ ಸಣ್ಣ ಅಂತರಗಳಿವೆ, ಅವನ್ನು ದಶಾಂಶದಲ್ಲಿ ಕೊಡಬಹುದು ಎಂಬ ಅರ್ಥದ ಮಾತಿತ್ತು. ಎಲ್ಲೋ ದೂರದ ದೇಶದವರು ನಮ್ಮ ಅಜ್ಜಿಗಾಗಿಯೇ ಅದನ್ನು ಬರೆದಂತೆ ನಮಗನಿಸಿತು. 3.9 ಕೊಟ್ಟೆವು, "ಇನ್ನೂ" ಎಂದರು. 3.8 ಕೊಟ್ಟೆವು, "ಜಾಸ್ತಿ ಇಳೀತು" ಎಂದರು. 3.85 ಎಂದಾಗ ಕಣ್ಣು ಮುಚ್ಚಿ, "ಹಾಂ, ಈಗ ಕೂತಿತು" ಎಂದರು. ಪಂಚಮವನ್ನೂ ಕೂದಲೆಳೆಯಷ್ಟು ಮೇಲಕ್ಕೆ, 7.02ಕ್ಕೆ ಏರಿಸಿದರು.

ಇಷ್ಟೆಲ್ಲ ಆದ ಮೇಲೆ ಅದನ್ನು ಉಳಿಸಬೇಕಲ್ಲ! ವಿದ್ಯುತ್ ಹೋದರೆ ಯಂತ್ರ ಎಲ್ಲವನ್ನೂ ಮರೆಯುತ್ತಿತ್ತು. ಬರೆದದ್ದನ್ನು ಸಾಧಾರಣ ಕ್ಯಾಸೆಟ್ಟಿನಲ್ಲೇ ಕಿರುಚಿನಂಥ ಸದ್ದಾಗಿ ತುಂಬಿಡಬೇಕಿತ್ತು. ಮನೆಯಲ್ಲಿ ಲೇಬಲ್ ಮಾಸಿದ ಒಂದು ಕ್ಯಾಸೆಟ್ ಸಿಕ್ಕಿತು. ಖಾಲಿ ಎಂದುಕೊಂಡೆವು. ದಿನವೂ ತಿದ್ದಿದ್ದನ್ನು ಅದರಲ್ಲಿ ಒಂದರ ಹಿಂದೆ ಒಂದಾಗಿ, ಹುಷಾರಿಗೆಂದು ಎರಡೆರಡು ಬಾರಿ ತುಂಬಿದೆವು. ಒಂದು ರಾತ್ರಿ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಹಾಕಿದಾಗ, ಎರಡು ಕಿರುಚುಗಳ ನಡುವಿನ ತೆರಪಿನಲ್ಲಿ ಲೂಮಿನ ಟಕಟಕ ಕೇಳಿಸಿತು. ಅದರ ಮೇಲೆ ಅಜ್ಜಿಯ ದನಿ: ಒಂದು 'ಜೋ', ಅಷ್ಟೇ. ಮತ್ತೆ ಕಿರುಚು.

ನಮಗೆ ಕೈಕಾಲು ತಣ್ಣಗಾದವು. ಅಜ್ಜಿಯ ಹಾಡನ್ನು ಉಳಿಸಲು ಹೋಗಿ ಅಜ್ಜಿಯ ಹಾಡನ್ನೇ ಅಳಿಸಿದ್ದೆವು. ಕ್ಯಾಸೆಟ್ಟಿನ ಬೆನ್ನಿನ ಪುಟ್ಟ ಪ್ಲಾಸ್ಟಿಕ್ ತುಂಡನ್ನು ಮುರಿದಿದ್ದರೆ ಅದರ ಮೇಲೆ ಬೇರೇನೂ ದಾಖಲಾಗುತ್ತಿರಲಿಲ್ಲ. ಯಾರೂ ಮುರಿದಿರಲಿಲ್ಲ.

ತಂದೆಯವರು ಗದರಿದರು. ಅಜ್ಜಿ ಮಾತ್ರ ನಕ್ಕುಬಿಟ್ಟರು. "ಹಾಡಿದೋಳು ಇನ್ನೂ ಇಲ್ಲೇ ಇದ್ದೀನಲ್ಲ. ಇನ್ನೊಂದ್ಸಲ ಹಾಡಿದರಾಯ್ತು. ಒಳ್ಳೆ ಕ್ಯಾಸೆಟ್ ತನ್ನಿ."

ಕ್ಯಾಸೆಟ್ ತಂದೆವು ಕೂಡ. ಆದರೆ ಅಷ್ಟರಲ್ಲಿ ಪರೀಕ್ಷೆ, ಆಮೇಲೆ ಅಜ್ಜಿಗೆ ನೆಗಡಿ, ಆಮೇಲೆ ಊರಿನ ಮದುವೆ. ನಾಳೆ ಎಂದದ್ದು ನಾಳೆಯೇ ಆಗುತ್ತ ಹೋಯಿತು. 1988ರ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ಹೊಸ ಕ್ಯಾಸೆಟ್ಟಿನ ಮೇಲಿನ ಕಾಗದವನ್ನೂ ಬಿಚ್ಚಿರಲಿಲ್ಲ.

ಆ ಕಂಪ್ಯೂಟರ್ ಕೆಟ್ಟು ಎಷ್ಟೋ ವರ್ಷವಾಯಿತು. ಆದರೆ ಅದರಂತೆಯೇ ನಡೆಯುವ ತಂತ್ರಾಂಶ ಈಗ ಲ್ಯಾಪ್‌ಟಾಪಿಗೂ ಸಿಗುತ್ತದೆ. ಹಳೆಯ ನೋಟುಪುಸ್ತಕ ಹುಡುಕಿ ತೆಗೆದು, ಮನೆಯ ಕಿರಿಯನ ಕೈಯಲ್ಲಿ ಅಂಕಿಗಳನ್ನು ತುಂಬಿಸಿದೆವು. ಅವನು ಸಂಗೀತ ಕಲಿಯುವವನು.

"ಗಾಂಧಾರ 3.85 ಅಂತ ಯಾರು ಬರೆದದ್ದು?" ಎಂದ.

"ಯಾಕಪ್ಪ, ತಪ್ಪೇ?"

"ಇಲ್ಲ. ಷಡ್ಜಕ್ಕೆ ಐದು ನಾಲ್ಕಾಂಶದ ಶುದ್ಧ ಗಾಂಧಾರ ಲೆಕ್ಕ ಹಾಕಿದರೆ 3.86 ಬರುತ್ತೆ. ಪಂಚಮ ಮೂರು ಎರಡಾಂಶ, ಅದು 7.02 ಸರಿಯಾಗೇ ಇದೆ. ಇಷ್ಟು ಹತ್ತಿರ ಹೇಗೆ ಬಂತು?"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಲೆಕ್ಕ ಕಲಿಯದ ಅಜ್ಜಿಯ ಕಿವಿ ಅರ್ಧ ಸ್ವರದ ನೂರನೇ ಒಂದು ಪಾಲಿನಷ್ಟು ಹತ್ತಿರಕ್ಕೆ ಮುಟ್ಟಿತ್ತು! ದನಿಯನ್ನು ನಾವು ಕಳೆದೆವು. ಕಿವಿ ಮಾತ್ರ ಆ ಒಂದು ದಶಾಂಶದಲ್ಲಿ ಉಳಿದಿದೆ.

ಮನೆಯಲ್ಲಿ ಹಾಡುವ ಹಿರಿಯರಿದ್ದರೆ ದಯವಿಟ್ಟು ಇಂದೇ ಹಾಡಿಸಿ ಇಟ್ಟುಕೊಳ್ಳಿ, ಎರಡು ಕಡೆ ಇಟ್ಟುಕೊಳ್ಳಿ. ಈಗ ಅದಕ್ಕೆ ಕ್ಯಾಸೆಟ್ಟೂ ಬೇಕಿಲ್ಲ.