ಹಳೆಯ ಹರಿಗೋಲು, ಹೊಸ ಅಂಬಿಗ

ಮಂಗಳೂರು ಎಂದೊಡನೆ ಕನ್ನಡಿಗರ ಕಣ್ಣೆದುರು ಕಡಲು, ಬಂದರು, ಹಾಯಿ ಬಿಚ್ಚಿದ ಮಂಜಿಗಳು ಬಂದು ನಿಲ್ಲುತ್ತವೆ. ಆದರೆ ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯಲ್ಲಿಯೂ ಒಂದು ಮಂಗಳೂರು ಉಂಟು. ಅಲ್ಲಿ ಕಡಲೂ ಇಲ್ಲ, ಬಂದರೂ ಇಲ್ಲ. ಜೋಳದ ಹೊಲ, ಬಿರುಬಿಸಿಲು, ಮಳೆಗಾಗಿ ಮುಗಿಲನ್ನು ನೋಡುವ ಒಕ್ಕಲು ಮಕ್ಕಳು. ಈ ಮಂಗಳೂರಿನ ತರುಣನೊಬ್ಬನಿಗೆ ಸ್ವಂತದ್ದೊಂದು ದೋಣಿ ಇರಬೇಕೆಂಬ ಹಂಬಲ ಹುಟ್ಟಿತೆನ್ನಿ. ಹೆಸರಿನ ನಂಟನ್ನು ನೆಚ್ಚಿ ಅವನು ಪಡುವಣ ಕಡಲಿಗೆ ಹೋಗಬೇಕಾಗಿಲ್ಲ. ಕೊಪ್ಪಳವನ್ನು ದಾಟಿ, ಗಂಗಾವತಿಯ ಹಾದಿ ಹಿಡಿದು, ಆನೆಗೊಂದಿಯ ಬಂಡೆಗಳ ನಡುವೆ ತುಂಗಭದ್ರೆಗೆ ಇಳಿದರೆ ಸಾಕು.

ಅಲ್ಲಿ ಅವನಿಗೆ ದೊರೆಯುವುದು ಹಾಯಿಯೂ ಚುಕ್ಕಾಣಿಯೂ ಇಲ್ಲದ, ಮುಂದು ಹಿಂದು ಎಂಬ ಭೇದವೇ ಇಲ್ಲದ, ಬುಟ್ಟಿಯಂತೆ ದುಂಡನೆಯ ಹರಿಗೋಲು. ಇದಕ್ಕೆ ಹಾಯಿ ಕಟ್ಟಬಾರದೇ ಎಂದು ಪೇಟೆಯವರು ಕೇಳುವುದುಂಟು. ಕಟ್ಟಬಹುದು, ಆದರೆ ನೀರನ್ನು ಸೀಳಿ ದಿಕ್ಕು ಹಿಡಿಯುವ ಬೆನ್ನೆಲುಬು ಇದರ ತಳಕ್ಕಿಲ್ಲವಾದ್ದರಿಂದ ಗಾಳಿಯು ಅದನ್ನು ಮುಂದೊಯ್ಯುವ ಬದಲು ಬುಗುರಿಯಂತೆ ಆಡಿಸೀತು. ಬಂಡೆಗಳೇ ತುಂಬಿದ ಈ ನದಿಗೆ ಆ ಬೆನ್ನೆಲುಬಿಲ್ಲದ ತಳವೇ ಹೊಂದುತ್ತದೆ. ಮೊಣಕಾಲುದ್ದ ನೀರಿನಲ್ಲಿಯೂ ತೇಲುವುದು. ಬಂಡೆಗೆ ತಾಗಿದರೆ ಒಡೆಯದೆ ಬಳುಕಿ ಪಕ್ಕಕ್ಕೆ ಸರಿಯುವುದು.

ಕ್ರಿಸ್ತಶಕ 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ಆನೆಗೊಂದಿಯ ಕಡವಿನಲ್ಲಿ ಇವುಗಳನ್ನು ಕಂಡು ಬೆರಗಾದನು. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಒಮ್ಮೆಗೇ ದಾಟುವರು. ನೇರವಾಗಿ ಹೋಗಲಾರದೆ ಸದಾ ಸುತ್ತುತ್ತಲೇ ಸಾಗುವುವು ಎಂದು ಬರೆದಿಟ್ಟಿದ್ದಾನೆ. ಅವನಿಗೂ ಎರಡು ಸಾವಿರ ವರ್ಷ ಮೊದಲು ಗ್ರೀಕರ ಹೆರೊಡೋಟಸನು ಬ್ಯಾಬಿಲೋನಿನಲ್ಲಿ ಇಂಥದೇ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಸರಕಿನೊಡನೆ ಒಂದು ಕತ್ತೆಯನ್ನೂ ಏರಿಸಿಕೊಂಡು ಹೊಳೆ ಇಳಿದು ಬರುತ್ತಿದ್ದ ವ್ಯಾಪಾರಿಗಳು ಊರು ಮುಟ್ಟಿದೊಡನೆ ದೋಣಿಯ ಕಟ್ಟಿಗೆಯನ್ನೂ ಹುಲ್ಲನ್ನೂ ಮಾರಿ, ತೊಗಲನ್ನು ಮಾತ್ರ ಕತ್ತೆಯ ಮೇಲೆ ಹೇರಿಕೊಂಡು ನಡೆದೇ ಊರಿಗೆ ಮರಳುತ್ತಿದ್ದರಂತೆ. ಅವರಿಗೆ ಬೆಲೆಯುಳ್ಳದ್ದು ಹೊದಿಕೆ. ಆನೆಗೊಂದಿಯಲ್ಲಿ ಹಳೆಯದನ್ನು ಕೊಳ್ಳುವವನು ಈ ಲೆಕ್ಕವನ್ನು ತಿರುವುಮುರುವು ಮಾಡಿಕೊಳ್ಳಬೇಕು. ಇಲ್ಲಿ ತೊಗಲು ಹೋಗಿ ಬಹುಕಾಲವಾಯಿತು. ಈಗ ಪ್ಲಾಸ್ಟಿಕ್ ಹಾಳೆ ಇಲ್ಲವೆ ಚೀಲಗಳ ಹೊದಿಕೆ, ಅದರ ಮೇಲೆ ಡಾಂಬರಿನ ಲೇಪ. ಅದು ಹರಿದರೆ ಮತ್ತೊಂದು ಬರುತ್ತದೆ. ಬೆಲೆಯೆಲ್ಲ ಒಳಗಿನ ಬಿದಿರಿನದು.

ಮಾರುವವನಿಗೂ ಇದು ತಿಳಿದಿರುತ್ತದೆ. ಆದುದರಿಂದಲೇ ಗಿರಾಕಿ ಬರುವನೆಂದಾಗ ಹರಿಗೋಲಿಗೆ ಹೊಸ ಡಾಂಬರು ಏರುವುದು. "ಎರಡು ವರ್ಷ ಆತ್ರೀ ಅಷ್ಟ, ಹೊಸಾದ ಇದ್ದಂಗ ಐತಿ" ಎಂಬ ಮಾತಿಗೂ ಆ ಕರಿಯ ಹೊಳಪಿಗೂ ಮರುಳಾದವನ ಹಣ ಹೊಳೆಯ ಪಾಲು.

ನೋಡಲು ನಡುಹಗಲಿನಲ್ಲಿಯೇ ಹೋಗಬೇಕು. ದಂಡೆಯ ಮೇಲೆ ಬೋರಲಾಗಿ ಮಲಗಿರುವ ಹರಿಗೋಲಿನ ಒಂದು ಅಂಚನ್ನು ಎತ್ತಿಸಿ ಅಡಿಗೆ ತಲೆ ಹಾಕಿದರೆ ಒಳಗೆ ಕತ್ತಲಿರಬೇಕು. ಆ ಕತ್ತಲಲ್ಲಿ ಎಲ್ಲೆಲ್ಲಿ ಬೆಳಕಿನ ಚುಕ್ಕೆ ಮಿನುಗುವುದೋ ಅಲ್ಲಲ್ಲಿ ತೂತು. ನದಿಯ ಆಚೆ ದಡದಲ್ಲಿ, ಹಂಪೆಯ ವಿಠ್ಠಲ ದೇವಾಲಯಕ್ಕೆ ಸಮೀಪದಲ್ಲಿ, ಪುರಂದರ ಮಂಟಪವಿದೆ. ಮನುಷ್ಯದೇಹವನ್ನು ಒಂಬತ್ತು ತೂತುಗಳ ಹರಿಗೋಲೆಂದು ದಾಸರು ಹಾಡಿದ್ದನ್ನು ಮಂಟಪದತ್ತ ನೋಡಿದಾಗ ನೆನೆಯದಿರುವುದು ಕಷ್ಟ. ಆದರೂ ಬಿದಿರಿನ ಹರಿಗೋಲಿನಲ್ಲಿ ಒಂಬತ್ತು ತೂತು ಕಂಡರೆ ಎದೆಗುಂದಬೇಕಾಗಿಲ್ಲ. ಒಂದಿಷ್ಟು ಡಾಂಬರು ಕಾಯಿಸಿದರೆ ಅವು ಮುಚ್ಚುವುವು.

ಮುಚ್ಚಲಾಗದ್ದು ಬೇರೆ ಇದೆ. ತಳದ ದಬ್ಬೆಗಳು ಒಂದನ್ನೊಂದು ದಾಟುವ ಎಡೆಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಗಟ್ಟಿ ಬಿದಿರು ಬಾಗಿ ಮತ್ತೆ ಪುಟಿಯುವುದು. ಕೊಳೆತದ್ದು ಒಳಗೆ ತಗ್ಗಿ ಅಲ್ಲಿಯೇ ನಿಲ್ಲುವುದು. ಕೈಗೆ ಹಳದಿ ಪುಡಿ ಅಂಟಿದರೆ ಕುಟ್ಟೆ ಹಿಡಿದಿದೆ ಎಂದೇ ಅರ್ಥ; ಮುಂದೆ ಮಾತು ಬೇಡ. ಅನಂತರ ಬಾಯಿಯ ದುಂಡನ್ನು ಹಗ್ಗದಿಂದ ಎರಡು ಅಡ್ಡಕ್ಕೆ ಅಳೆಯಬೇಕು. ಒಂದು ಕಡೆ ಮೊಟ್ಟೆಯಂತೆ ಉದ್ದವಾಗಿದ್ದರೆ ಅಂಚಿನ ಕಟ್ಟು ಸಡಿಲಗೊಂಡು ಹರಿಗೋಲು ಕುಸಿಯುತ್ತಿದೆ. ಕೊನೆಗೆ ಎತ್ತಿ ನೋಡಬೇಕು. ಹೊಳೆಯ ಸೆಳವಿಗೆ ಎದುರಾಗಿ ಹುಟ್ಟು ಹಾಕುವುದಕ್ಕಿಂತ ಅಂಬಿಗನು ಹರಿಗೋಲನ್ನು ತಲೆಯ ಮೇಲೆ ಬೋರಲಿಟ್ಟು ದಂಡೆಯಲ್ಲಿ ಮೇಲಕ್ಕೆ ನಡೆಯುವುದೇ ಸುಲಭ. ವರ್ಷ ವರ್ಷವೂ ಡಾಂಬರು ಉಂಡು ಭಾರವಾದದ್ದು ಇದಕ್ಕೆ ಒದಗದು. ಮೊದಲ ಬಾರಿ ಕೊಳ್ಳುವವನಿಗೆ, ಜನರನ್ನು ದಾಟಿಸುವ ದೊಡ್ಡ ಹರಿಗೋಲಿಗಿಂತ ಮೀನು ಹಿಡಿಯುವವರ ಸಣ್ಣದೇ ಲೇಸು.

ಕಡವಿನ ವೈಭವ ಈಗ ಹಿಂದಿನಂತಿಲ್ಲ. ಆನೆಗೊಂದಿಗೂ ತಳವಾರಘಟ್ಟಕ್ಕೂ ನಡುವೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಮುಂದೆ ಕೆಳಗಡೆ ಬುಕ್ಕಸಾಗರ ಮತ್ತು ಕಡೆಬಾಗಿಲುಗಳ ನಡುವೆ ಸೇತುವೆ ಆಯಿತು. ಸೇತುವೆ ಬಂದಲ್ಲಿ ಅಂಬಿಗನ ದುಡಿಮೆ ತಗ್ಗುವುದು ಸಹಜ. ಆಗ ಹರಿಗೋಲು ಮಾರಾಟಕ್ಕೆ ಬರುವುದೂ ಸಹಜವೇ.

ಕೊಂಡ ಮೇಲೆ ನೀರಿಗಿಳಿಯಬೇಕಷ್ಟೆ. ಅಂಚಿನ ಮೇಲೆ ಕಾಲಿಟ್ಟರೆ ಹರಿಗೋಲು ಮಗುಚುವುದು. ಕಾಲನ್ನು ನಟ್ಟನಡುವೆ ಇಟ್ಟು ಒಡನೆಯೇ ಕುಳಿತುಬಿಡಬೇಕು. ಹುಟ್ಟನ್ನು ಪಕ್ಕದಲ್ಲಿ ಹಾಕಿದರೆ ಗಿರಗಿರನೆ ತಿರುಗುವುದೇ ಹೊರತು ಸಾಗುವುದಿಲ್ಲ. ಮುಂದೆ ಮೊಣಕಾಲೂರಿ, ಎದುರಿನ ನೀರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತನ್ನತ್ತ ಸೆಳೆದುಕೊಳ್ಳಬೇಕು. ಇದನ್ನು ಮಾರುವವನಿಂದಲೇ, ಹಣ ಎಣಿಸಿಕೊಡುವ ಮುನ್ನ, ಕಲಿಯುವುದು ಜಾಣತನ.

ಆದರೆ ಹರಿಗೋಲಿಗಿಂತ ಹೆಚ್ಚಾಗಿ ಕೇಳಿ ತಿಳಿಯಬೇಕಾದದ್ದು ನದಿಯನ್ನು ಕುರಿತು. ಮುನಿರಾಬಾದಿನ ಬಳಿಯ ತುಂಗಭದ್ರಾ ಅಣೆಕಟ್ಟಿಗೆ 33 ಬಾಗಿಲುಗಳಿವೆ. ಆನೆಗೊಂದಿ ಅದರ ಕೆಳಗಿದೆ. ಇಲ್ಲಿ ಆಕಾಶ ತಿಳಿಯಾಗಿದ್ದರೂ ಮಲೆನಾಡಿನ ಮಳೆಗೆ ಬಾಗಿಲುಗಳು ತೆರೆದರೆ, ಬೆಳಿಗ್ಗೆ ಕುಳಿತು ಬುತ್ತಿ ಬಿಚ್ಚಿದ ಬಂಡೆ ಸಂಜೆಗೆ ಕಾಣುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲಿನ ಸರಪಳಿಯೇ ತುಂಡಾಗಿ ಬಾಗಿಲು ಕೊಚ್ಚಿಹೋಯಿತು; ಕೆಳಗಿನ ದಂಡೆಯ ಊರುಗಳೆಲ್ಲ ಎಚ್ಚರದಿಂದಿರಬೇಕಾಯಿತು. ನಡುಗಡ್ಡೆಯಲ್ಲಿರುವ ನವವೃಂದಾವನದ ದರ್ಶನಕ್ಕೆ ಮಕ್ಕಳು ಮುದುಕರೊಡನೆ ಬರುವ ಸಂಸಾರಗಳು, ನೀರು ಬಿಟ್ಟ ದಿನ ಅಂಬಿಗ ಒಲ್ಲೆನೆಂದರೆ ಮುನಿಸಿಕೊಳ್ಳುವುದುಂಟು. ಅವನು ಬಿಡುತ್ತಿರುವುದು ಅಂದಿನ ಸಂಪಾದನೆಯನ್ನು ಎಂಬುದು ಅವರಿಗೆ ಹೊಳೆಯುವುದಿಲ್ಲ.

ಮಂಗಳೂರಿನ ತರುಣನು ಕೊನೆಗೆ ಒಂದನ್ನು ಮೆಚ್ಚಿ ಕೊಂಡನೆನ್ನಿ. ಊರಿಗೆ ಒಯ್ದು ಮಾಡುವುದೇನು? ಹೊಲದಲ್ಲಿ ಅದು ತೇಲದು. ಆನೆಗೊಂದಿಯ ದಂಡೆಯಲ್ಲಿಯೇ, ಮರದ ನೆರಳಲ್ಲಿ, ಒಣಗಲು ಬೋರಲು ಹಾಕಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಹೇರಿ, ಗಂಗಾವತಿಯ ಬಸ್ಸು ಹತ್ತಬೇಕು. ಮುಂದಿನ ವಾರ ಬರುವತನಕ ಅದನ್ನು ನೋಡಿಕೊಳ್ಳುವವನು ಯಾರು? ಮಾರಿದ ಅಂಬಿಗನೇ.