ಬಂದೂಕಿನ ಪಾಠಾಂತರ

ಅಮೆರಿಕದಲ್ಲಿರುವ ಅಳಿಯ ಗರಾಂಡ್ ಬಂದೂಕು ಸಂಗ್ರಾಹಕರ ಸಂಘದ ಪತ್ರಿಕೆ ತಂದುಕೊಟ್ಟ. ಹಳಗನ್ನಡ ಪಾಠ ಹೇಳುವವನಿಗೆ ಬಂದೂಕೇಕೆ ಎನ್ನಬೇಡಿ. ಓದುತ್ತ ಓದುತ್ತ ಇವರೂ ನಮ್ಮವರೇ ಎನಿಸಿತು.

1936ರಲ್ಲಿ ಅಲ್ಲಿನ ಸೈನ್ಯ ಅಂಗೀಕರಿಸಿದ ಈ ಬಂದೂಕಿನ ಅನೇಕ ನಳಿಗೆಗಳ ಮೇಲೆ ಅವು ತಯಾರಾದ ತಿಂಗಳು, ವರ್ಷ ಅಚ್ಚೊತ್ತಿರುತ್ತದೆ. ಅನೇಕ ಬಿಡಿಭಾಗಗಳಿಗೂ ನಕ್ಷೆಯ ಸಂಖ್ಯೆಯುಂಟು. ಸೈನ್ಯದವರು ರಿಪೇರಿ ಮಾಡುವಾಗ ಒಂದರ ಭಾಗ ಇನ್ನೊಂದಕ್ಕೆ ಸೇರಿಹೋಯಿತು. ಯಾವುದು ಮೂಲ, ಯಾವುದು ಪ್ರಕ್ಷಿಪ್ತ? ಓಲೆಗರಿ ಹಿಡಿದು ನಾವು ಜಗಳವಾಡುವುದೂ ಇದಕ್ಕೇ ಅಲ್ಲವೆ?

ಆದರೆ ಕೆಲವರು ‘ಶುದ್ಧಪಾಠ’ದ ಆಸೆಗೆ ರಿಪೇರಿಯ ಭಾಗಗಳನ್ನು ಕಿತ್ತು, ಹೊಂದುವಂಥವನ್ನು ಕೊಂಡು ಜೋಡಿಸುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. 1944ರ ಬಂದೂಕು ಕೊರಿಯಾ ಯುದ್ಧಕ್ಕೂ ಹೋಗಿದ್ದರೆ, ಅದರ ಸುಳಿವು ಉಳಿದಿರುವುದು ಆ ಅನ್ಯಭಾಗದಲ್ಲೇ. ಹೊತ್ತು ನಡೆದ ಹುಡುಗನ ಹೆಸರು ಎಲ್ಲೂ ಇಲ್ಲ. ಕೈ ತಾಗಿ ಸವೆದ ಮರವಿದೆ. ಅದನ್ನೂ ಉಜ್ಜಿ ಹೊಳಪೇರಿಸುವವರಿದ್ದಾರೆ, ಪುಣ್ಯಾತ್ಮರು!