ಗಿರಮಿಟ್ಟಿನ ಫೋಟೋ

ದಿನಾ ಮಧ್ಯಾಹ್ನ ನಾ ಮಾಡಿದ ಅಡಗಿ ಫೋಟೋ ತಗದು ಬೆಂಗಳೂರಾಗ ಇರೋ ಮಗಳಿಗೆ ಕಳಸ್ತೀನಿ, ನಿಮಗೆಲ್ಲಾ ಗೊತ್ತೈತಿ. ಮೊನ್ನೆ ಆಕಿ ಧಾರವಾಡಕ್ಕ ಬಂದಾಗ ಇಬ್ರೂ ನಮ್ಮ ಓಣಿ ಹೋಟೆಲಿಗೆ ಗಿರಮಿಟ್ಟು, ಮಿರ್ಚಿ ಭಜಿ ತಿನ್ನಾಕ ಹೋಗಿದ್ವಿ. "ಅವ್ವಾ, ನಿನ್ನ ಫೋಟೋದಾಗ ಪಲ್ಯ ಯಾವುದು, ಚಟ್ನಿ ಯಾವುದು ತಿಳಿಯಂಗಿಲ್ಲ" ಅಂದ್ಲು. ನನಗ ಸಿಟ್ಟೇ ಬಂತು.

ಕಿಡಕಿ ಕಡೆ ಕುಂದರಿಸಿದ್ಲು. ಮೊದಲ ಸೆರಗಿಲೆ ಕ್ಯಾಮೆರಾ ಒರಸು ಅಂದ್ಲು. ಒಗ್ಗರಣಿ ಜಿಡ್ಡು ಅಷ್ಟಿತ್ತು! ಫ್ಲ್ಯಾಶ್ ಬ್ಯಾಡ, ಬೆಳಕು ಬಾಜೂಲಿಂದ ಬರಬೇಕು. ಪರದೆ ಮ್ಯಾಲೆ ಚುರಮರಿ ಕಾಣೋ ಕಡೆ ಬೆರಳು ಒತ್ತಿದ್ರ ಅದು ಸ್ಪಷ್ಟ ಬರ್ತೈತಿ. ತಾಟಿನ ಫೋಟೋ ಮ್ಯಾಲಿಂದ, ಚಾದ ಕಪ್ಪಿಂದು ಬಾಜೂಲಿಂದ. ಎರಡು ಸಲ ನನ್ನ ನೆರಳೇ ಬಿತ್ತು. ಅಷ್ಟರಾಗ ಚುರಮರಿ ಮೆತ್ತಗಾತು. ಗಿರಮಿಟ್ಟು ಯಾರಿಗೂ ಕಾಯಂಗಿಲ್ರೀ.

"ದಿನಾ ನೋಡೋ ಅಡಗಿ, ಇಷ್ಟ್ಯಾಕ ತ್ರಾಸು" ಅಂದೆ.

"ಅಲ್ಲೆ ಒಬ್ಬಾಕೀನ ಊಟಕ್ಕ ಕುಂತಾಗ ನಿನ್ನ ತಾಟು ಎದುರಿಗೆ ಇಟಗೊಂಡು ಉಣ್ತೀನವ್ವಾ" ಅಂದ್ಲು, ಭಜಿ ಮುರಕೋತ.

ನಾ ಏನೂ ಮಾತಾಡ್ಲಿಲ್ಲ.

ಇವತ್ತು ರೊಟ್ಟಿ, ಬದನಿಕಾಯಿ ಎಣಗಾಯಿ, ಶೇಂಗಾ ಚಟ್ನಿ. ತಾಟು ಹಿಡಕೊಂಡು ಪಡಸಾಲಿ ಬಾಗಿಲಕ್ಕ ಬಂದು ಫೋಟೋ ತಗದೆ. ನಮ್ಮನಿಯವರು "ಹಸಿವಾಗೇತಿ" ಅನ್ನಾಕತ್ತಿದ್ರು. ಸ್ವಲ್ಪ ತಡೀರಿ ಅಂದೆ.